ಯಂತ್ರದ ಕೊಳಗ ಎಷ್ಟು ಸೇರಿನದು?

೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಅವರು ಎತ್ತಿದ ಮೂಲ ಪ್ರಶ್ನೆಗಳಲ್ಲಿ ಒಂದು ಅಳತೆಯ ಪ್ರಶ್ನೆ. ಗೇಣಿಯ ಭತ್ತ ಅಳೆಯುವ ಕೊಳಗ ಎಷ್ಟು ಸೇರಿನದು? ಅದನ್ನು ನಿಶ್ಚಯಿಸುವವರು ಯಾರು? ಕೊಳಗ ಒಡೆಯನ ಮನೆಯಲ್ಲಿತ್ತು, ಭತ್ತ ಒಕ್ಕಲಿನ ಕಣದಲ್ಲಿತ್ತು. ಕೊಳಗ ಎರಡು ಬೆರಳು ಆಳವಾದರೆ ಸಾಕು, ಕರಾರು ಮುರಿಯದೆಯೇ ಒಕ್ಕಲಿನ ಮನೆಯ ಅನ್ನ ಕಡಿಮೆಯಾಗುತ್ತಿತ್ತು. ಅಳತೆ ಯಾರ ಕೈಯಲ್ಲಿದೆಯೋ ಅಧಿಕಾರವೂ ಅವರ ಕೈಯಲ್ಲಿರುತ್ತದೆ ಎಂಬ ಪಾಠವನ್ನು ಈ ನಾಡಿನ ಸಮಾಜವಾದಿಗಳು ಕಲಿತದ್ದು ಅಲ್ಲಿ.

ಇಂದು ಆ ಕೊಳಗ ಕಂಪ್ಯೂಟರಿನ ಒಳಗೆ ಹೋಗಿ ಕುಳಿತಿದೆ. ಪಹಣಿ, ಪಡಿತರ, ವೃದ್ಧಾಪ್ಯ ವೇತನ, ವಿದ್ಯಾರ್ಥಿವೇತನ, ಬೆಳೆ ವಿಮೆ, ಇವೆಲ್ಲ ಈಗ ಯಂತ್ರದ ಮೂಲಕವೇ ಆಗಬೇಕು. ಯಂತ್ರವನ್ನು ನಡೆಸುವ ತಂತ್ರಾಂಶಕ್ಕೆ ತಾರೀಖು ಬರೆಯುವ ಒಂದು ರೂಢಿ ಇದೆ. ಸಂಖ್ಯೆ ಬರೆಯುವ ಇನ್ನೊಂದು ರೂಢಿ ಇದೆ. ಆ ರೂಢಿ ನಮ್ಮದೇ, ಅಥವಾ ಯಾರದೋ ದೇಶದ್ದೇ? ಇದನ್ನು ಕೇಳಿದರೆ ‘ಅದೆಲ್ಲ ತಾಂತ್ರಿಕ ವಿಷಯ, ನಿಮಗೆ ತಿಳಿಯುವುದಿಲ್ಲ’ ಎಂಬ ಉತ್ತರ ಬರುತ್ತದೆ. ಕೊಳಗದ ವಿಷಯವೂ ನಿಮಗೆ ತಿಳಿಯುವುದಿಲ್ಲ ಎಂದೇ ಒಡೆಯರು ಹೇಳುತ್ತಿದ್ದರು. ಆದ್ದರಿಂದ ಇದನ್ನು ಬಿಡಿಸಿ ನೋಡುವುದು ಅಗತ್ಯ.

ತಾರೀಖಿನ ಮಾತು

೧೧-೫-೧೯೬೦ ಎಂದು ಬರೆದರೆ ನಮಗೆ ಮೇ ತಿಂಗಳ ಹನ್ನೊಂದು. ನಾವು ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಬರೆಯುತ್ತೇವೆ. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಅದೇ ಬರಹ ಅಲ್ಲಿಯವರಿಗೆ ನವೆಂಬರ್ ಐದು. ಜಗತ್ತಿನ ಬಹುಪಾಲು ತಂತ್ರಾಂಶ ಹುಟ್ಟಿದ್ದು ಅಮೆರಿಕದಲ್ಲಿ. ಅದನ್ನು ಬರೆಯುವವನು ‘ಇದು ಇಂಥ ದೇಶದ, ಇಂಥ ಭಾಷೆಯ ಜನಕ್ಕೆ’ ಎಂಬ ಗುರುತನ್ನು ಹಾಕಬೇಕು. ಆ ಗುರುತಿಗೆ ಲೊಕೇಲ್ ಎಂದು ಹೆಸರು. ಕನ್ನಡಕ್ಕೂ, ಭಾರತದ ಕನ್ನಡಕ್ಕೆಂದೇ, ಅಂಥ ಗುರುತು ಇದೆ. ಅದನ್ನು ಹಾಕದೆ ಬಿಟ್ಟರೆ ಎಷ್ಟೋ ತಂತ್ರಾಂಶಗಳು ತಾವಾಗಿಯೇ ಅಮೆರಿಕದ ರೂಢಿಯನ್ನು ಹಿಡಿಯುತ್ತವೆ. ಗುತ್ತಿಗೆಯ ಅವಸರದಲ್ಲಿ ಕೆಲಸ ಮುಗಿಸುವವನು ಅದನ್ನು ಹಾಕದೆ ಬಿಡುವುದೇ ಹೆಚ್ಚು.

ಇದರಿಂದ ಎಷ್ಟು ತಾರೀಖುಗಳು ಕೆಡಬಹುದು? ಶಾಲೆಯ ಮಕ್ಕಳೂ ಲೆಕ್ಕ ಹಾಕಬಹುದು. ದಿನವೂ ಹನ್ನೆರಡರೊಳಗೆ, ತಿಂಗಳೂ ಹನ್ನೆರಡರೊಳಗೆ ಇರುವ ತಾರೀಖುಗಳು ವರ್ಷಕ್ಕೆ ೧೪೪. ಅವುಗಳಲ್ಲಿ ೧-೧, ೨-೨ ಎಂಬಂತೆ ತಿರುಗಿಸಿದರೂ ಬದಲಾಗದವು ೧೨. ಉಳಿದ ೧೩೨ ತಾರೀಖುಗಳನ್ನು ಯಂತ್ರ ತಿರುವುಮುರುವಾಗಿ ಓದಿದರೂ ಯಾರಿಗೂ ತಿಳಿಯುವುದಿಲ್ಲ. ಹದಿಮೂರರಿಂದ ಮುಂದಿನ ದಿನಗಳಾದರೆ ಯಂತ್ರ ‘ತಪ್ಪು’ ಎಂದು ಕೂಗುತ್ತದೆ, ಏಕೆಂದರೆ ಹದಿಮೂರನೆಯ ತಿಂಗಳು ಎಲ್ಲಿಯೂ ಇಲ್ಲ. ಕೂಗುವ ತಪ್ಪನ್ನು ತಿದ್ದಬಹುದು. ಕೂಗದೆ ಒಪ್ಪಿಕೊಳ್ಳುವ ತಪ್ಪೇ ಬಡವನ ಕೊರಳಿಗೆ ಬರುತ್ತದೆ.

ಒಬ್ಬ ಕೂಲಿಕಾರ ಹೆಂಗಸು ೧೯೬೦ರ ಮೇ ೧೧ರಂದು ಹುಟ್ಟಿದವಳು ಎಂದಿಟ್ಟುಕೊಳ್ಳಿ. ಸಂಧ್ಯಾ ಸುರಕ್ಷಾ ಯೋಜನೆಯ ವೇತನಕ್ಕೆ ೬೫ ವರ್ಷ ತುಂಬಿರಬೇಕು. ಆಕೆಗೆ ೨೦೨೫ರ ಮೇ ತಿಂಗಳಲ್ಲಿ ತುಂಬಿತು. ಯಂತ್ರದ ಪುಸ್ತಕದಲ್ಲಿ ಅದು ನವೆಂಬರ್ ೫ ಎಂದು ಕುಳಿತಿದ್ದರೆ ಸುಮಾರು ಆರು ತಿಂಗಳ ವೇತನ ಹೋಯಿತು. ಅದನ್ನು ತಿದ್ದಿಸಲು ಆಕೆ ಎಷ್ಟು ದಿನದ ಕೂಲಿ ಬಿಟ್ಟು, ಎಷ್ಟು ಬಸ್ ಚಾರ್ಜು ತೆತ್ತು, ಎಷ್ಟು ಮೇಜುಗಳ ಮುಂದೆ ನಿಲ್ಲಬೇಕು ಎಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಇದೇ ತಪ್ಪು ಕಂಪನಿಯ ಮೇನೇಜರನ ಕಾಗದದಲ್ಲಿ ಆದರೆ ಗುಮಾಸ್ತನಿಗೆ ಫೋನು ಹೋಗುತ್ತದೆ, ಮಧ್ಯಾಹ್ನದೊಳಗೆ ಸರಿಯಾಗುತ್ತದೆ. ತಪ್ಪು ಇಬ್ಬರಿಗೂ ಒಂದೇ, ದಂಡ ಒಂದೇ ಅಲ್ಲ.

ಇನ್ನೊಂದು ತಾರೀಖನ್ನು ನೋಡಿ: ೧-೩-೧೯೭೪. ಭೂಸುಧಾರಣಾ ಕಾನೂನಿನ ತಿದ್ದುಪಡಿಯಂತೆ ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದ ದಿನ, ಎಂದರೆ ಮಾರ್ಚ್ ಒಂದು. ಗೇಣಿದಾರರು ಏಳನೆಯ ನಮೂನೆಯ ಅರ್ಜಿ ಕೊಡಲು ಕೊನೆಯ ದಿನ ೩೦-೬-೧೯೭೯. ಈ ಎರಡು ತಾರೀಖುಗಳ ಮೇಲೆ ಕರ್ನಾಟಕದಲ್ಲಿ ಲಕ್ಷಾಂತರ ಸಂಸಾರಗಳ ಬದುಕು ನಿಂತಿತ್ತು. ಅಮೆರಿಕದ ರೂಢಿ ಹಿಡಿದ ಯಂತ್ರ ಮೊದಲನೆಯದನ್ನು ಜನವರಿ ಮೂರು ಎಂದು ಓದಿ ಸುಮ್ಮನಿರುತ್ತದೆ. ಎರಡನೆಯದನ್ನು ಮೂವತ್ತನೆಯ ತಿಂಗಳಿಲ್ಲವೆಂದು ತಳ್ಳುತ್ತದೆ. ಹಳೆಯ ದಫ್ತರಗಳು ಒಂದೊಂದಾಗಿ ಯಂತ್ರಕ್ಕೆ ಏರುತ್ತಿರುವ ಈ ಕಾಲದಲ್ಲಿ, ಕೋರ್ಟಿನಲ್ಲಿ ಸ್ವಾಧೀನದ ದಿನವನ್ನು ರುಜುವಾತು ಮಾಡಬೇಕಾದ ರೈತನಿಗೆ ಇದು ಹುಡುಗಾಟದ ವಿಷಯವಲ್ಲ.

ಗುಂಟೆಯ ಲೆಕ್ಕ, ಲಕ್ಷದ ಲೆಕ್ಕ

ತಾರೀಖಿಗಿಂತ ದೊಡ್ಡ ತೊಡಕು ಸಂಖ್ಯೆಯಲ್ಲಿದೆ. ನಾಲ್ವತ್ತು ಗುಂಟೆಗೆ ಒಂದು ಎಕರೆ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು ನಮ್ಮ ಹಳೆಯ ಶ್ಯಾನುಭೋಗರು ೨-೨೦ ಎಂದು ಬರೆಯುತ್ತಿದ್ದರು. ಅದು ಎರಡೂವರೆ ಎಕರೆ. ಇದನ್ನೇ ತಿಳಿಯದವನು ದಶಾಂಶವೆಂದು ಭಾವಿಸಿ ೨.೨೦ ಎಂದು ಯಂತ್ರಕ್ಕೆ ಕೊಟ್ಟರೆ ಅದು ಎರಡು ಎಕರೆ ಎಂಟು ಗುಂಟೆ ಆಗುತ್ತದೆ. ಹನ್ನೆರಡು ಗುಂಟೆ ಕಾಗದದಲ್ಲಿ ಮಾಯ. ಒಂದು ಎಕರೆ ಇಪ್ಪತ್ತೈದು ಗುಂಟೆಯ ಎರಡು ತಾಕುಗಳನ್ನು ಕೂಡಿಸಿದರೆ ಮೂರು ಎಕರೆ ಹತ್ತು ಗುಂಟೆ. ಯಂತ್ರ ೧.೨೫ಕ್ಕೆ ೧.೨೫ ಕೂಡಿಸಿ ೨.೫೦ ಎನ್ನುತ್ತದೆ, ಅದರ ಪ್ರಕಾರ ಎರಡೂವರೆ ಎಕರೆ. ಮೂವತ್ತು ಗುಂಟೆ ಹೋಯಿತು. ಬೆಳೆ ಪರಿಹಾರವನ್ನು ಎಕರೆ ಲೆಕ್ಕದಲ್ಲಿ ಕೊಡುವಾಗ ಈ ಮೂವತ್ತು ಗುಂಟೆ ಯಾರ ಜೇಬಿನಿಂದ ಹೋದಂತೆ?

೨-೧೦ ಎಂದು ಗೀಟು ಹಾಕಿ ಬರೆದರೆ ಇನ್ನೊಂದು ವಿನೋದ. ಕಚೇರಿಗಳಲ್ಲಿ ಬಳಸುವ ಲೆಕ್ಕದ ಹಾಳೆಯ ತಂತ್ರಾಂಶ ಅದನ್ನು ತಾರೀಖೆಂದು ತಿಳಿಯುತ್ತದೆ. ನಮ್ಮ ರೂಢಿಗೆ ಹೊಂದಿಸಿದ್ದರೆ ಅಕ್ಟೋಬರ್ ಎರಡು, ಅಮೆರಿಕದ ರೂಢಿಗೆ ಹೊಂದಿಸಿದ್ದರೆ ಫೆಬ್ರವರಿ ಹತ್ತು. ಒಳಗೆ ಅದು ತಾರೀಖನ್ನು ೧೯೦೦ರಿಂದ ಎಣಿಸಿದ ದಿನಗಳ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಗುಮಾಸ್ತ ಗಾಬರಿಯಾಗಿ ‘ಸಂಖ್ಯೆಯಾಗಿ ತೋರಿಸು’ ಎಂದರೆ ಎರಡು ಎಕರೆ ಹತ್ತು ಗುಂಟೆಯ ಹೊಲ ನಲವತ್ತು ಸಾವಿರ ಮೀರಿದ ಯಾವುದೋ ಸಂಖ್ಯೆಯಾಗಿ ಎದ್ದು ನಿಲ್ಲುತ್ತದೆ. ಸರ್ವೆ ನಂಬರ್ ೧೨/೩ಕ್ಕೂ ಇದೇ ಗತಿ.

ಇದು ಹಳ್ಳಿಗರ ಅಜ್ಞಾನದಿಂದ ಬಂದದ್ದು ಎಂದು ಯಾರೂ ಹೇಳಬೇಡಿ. ಮನುಷ್ಯನ ಅನುವಂಶಿಕ ಜೀನುಗಳಿಗೆ ವಿಜ್ಞಾನಿಗಳು ಇಟ್ಟ ಹೆಸರುಗಳಲ್ಲಿ ‘ಮಾರ್ಚ್ ೧’, ‘ಸೆಪ್ಟ್ ೧’ ಎಂಬಂಥವು ಇದ್ದವು. ಮೈಕ್ರೋಸಾಫ್ಟ್ ಕಂಪನಿಯ ಎಕ್ಸೆಲ್ ಅವುಗಳನ್ನು ತಾರೀಖುಗಳಾಗಿ ಮಾರ್ಪಡಿಸಿ ಸಂಶೋಧನಾ ಪಟ್ಟಿಗಳನ್ನು ಕೆಡಿಸುತ್ತಿತ್ತು. ಕಡೆಗೆ ೨೦೨೦ರಲ್ಲಿ ಜೀನುಗಳ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯೇ ಸೋತು ಜೀನುಗಳ ಹೆಸರುಗಳನ್ನು ಬದಲಾಯಿಸಿತು. ಈ ತಾನಾಗಿ ಮಾರ್ಪಡಿಸುವ ಚಾಳಿಯನ್ನು ನಿಲ್ಲಿಸುವ ಅನುಕೂಲವನ್ನು ಕಂಪನಿ ಕೊಟ್ಟದ್ದು ೨೦೨೩ರಲ್ಲಿ. ಚಪ್ಪಲಿಗೆ ತಕ್ಕಂತೆ ಕಾಲು ಕೊಯ್ದುಕೊಂಡಂತೆ ಆಯಿತಲ್ಲವೆ? ಜಗತ್ತಿನ ವಿಜ್ಞಾನಿಗಳ ಪಾಡೇ ಹೀಗಾದರೆ ತಾಲ್ಲೂಕು ಕಚೇರಿಯ ಬಾಗಿಲಲ್ಲಿ ನಿಂತ ರೈತನ ಮಾತನ್ನು ಯಂತ್ರದ ಒಡೆಯರು ಕೇಳುತ್ತಾರೆಯೇ, ಯಾರೂ ಒತ್ತಾಯಿಸದೆ?

ಲಕ್ಷ ಕೋಟಿಗಳ ವಿಷಯವೂ ಹಾಗೆಯೇ. ನಾವು ಒಂದು ಕೋಟಿ ಇಪ್ಪತ್ತೈದು ಲಕ್ಷವನ್ನು ೧,೨೫,೦೦,೦೦೦ ಎಂದು ಬರೆಯುತ್ತೇವೆ. ಕೊನೆಯ ಮೂರು ಅಂಕಿ ಬಿಟ್ಟು ಎರಡೆರಡಕ್ಕೆ ಅಲ್ಪವಿರಾಮ. ಅಮೆರಿಕದವರು ಮೂರು ಮೂರಕ್ಕೆ ಹಾಕುತ್ತಾರೆ: ೧೨,೫೦೦,೦೦೦. ಜರ್ಮನಿಯಲ್ಲಿ ಅಲ್ಪವಿರಾಮದ ಜಾಗದಲ್ಲಿ ಚುಕ್ಕೆ, ಚುಕ್ಕೆಯ ಜಾಗದಲ್ಲಿ ಅಲ್ಪವಿರಾಮ. ಅವರವರ ರೂಢಿ ಅವರವರಿಗೆ ಸರಿ. ಜರ್ಮನಿಯ ರೈತನಿಗೆ ಭಾರತದ ಅಲ್ಪವಿರಾಮವನ್ನು ಯಾರೂ ಹೇರುವುದಿಲ್ಲ; ನಮಗೆ ಮಾತ್ರ ಏಕೆ? ಗ್ರಾಮ ಸಭೆಯಲ್ಲಿ ಪಂಚಾಯತಿಯ ಜಮಾಖರ್ಚನ್ನು ಗೋಡೆಗೆ ಹಚ್ಚಿದಾಗ ೧೨,೫೦೦,೦೦೦ ಎಂದಿದ್ದರೆ ಹತ್ತರಲ್ಲಿ ಒಂಬತ್ತು ಮಂದಿ ಅದನ್ನು ಬಾಯಿಬಿಟ್ಟು ಓದಲಾರರು. ಓದಲಾಗದ ಲೆಕ್ಕವನ್ನು ಪ್ರಶ್ನಿಸಲೂ ಆಗದು. ಪ್ರಜೆಯ ಬಾಯಿ ಕಟ್ಟುವುದಕ್ಕೆ ಲಾಠಿಯೇ ಬೇಕೆಂದಿಲ್ಲ; ಅಲ್ಪವಿರಾಮ ಸಾಕು.

ಪಟ್ಟಿ ಬರೆಯುವವರು ಯಾರು?

ಹಾಗಾದರೆ ಕನ್ನಡದ ರೂಢಿ ಹೀಗೆ ಎಂದು ಯಂತ್ರಗಳಿಗೆ ಹೇಳುವವರು ಯಾರು? ಯೂನಿಕೋಡ್ ಕನ್ಸಾರ್ಷಿಯಂ ಎಂಬ ಸಂಸ್ಥೆ ೧೯೯೧ರಲ್ಲಿ ಅಮೆರಿಕದಲ್ಲಿ ನೋಂದಣಿಯಾಯಿತು. ಅದೇ ವರ್ಷದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿ, ಕನ್ನಡ ಅಂಕಿಗಳು ಸೇರಿದವು. ಅದು ಒಳ್ಳೆಯ ಕೆಲಸ, ಅದನ್ನು ಒಪ್ಪೋಣ. ಅದೇ ಸಂಸ್ಥೆ ಸಿ.ಎಲ್.ಡಿ.ಆರ್. ಎಂಬ ಭಂಡಾರವನ್ನು ನಡೆಸುತ್ತದೆ. ಒಂದೊಂದು ಭಾಷೆಯಲ್ಲಿ ತಿಂಗಳ ಹೆಸರೇನು, ವಾರದ ಹೆಸರೇನು, ತಾರೀಖಿನ ಕ್ರಮವೇನು, ಅಲ್ಪವಿರಾಮ ಎಲ್ಲಿ ಎಂಬುದೆಲ್ಲ ಅದರಲ್ಲಿ ಪಟ್ಟಿಯಾಗಿದೆ. ಮೊಬೈಲುಗಳೂ ಕಂಪ್ಯೂಟರುಗಳೂ ಅದನ್ನೇ ಓದಿ ನಡೆಯುತ್ತವೆ. ಭಂಡಾರ ಎಲ್ಲರಿಗೂ ಉಚಿತ. ಆದರೆ ಪಟ್ಟಿಯಲ್ಲಿ ಏನಿರಬೇಕೆಂದು ಮತ ಹಾಕುವಾಗ ಸದಸ್ಯ ಕಂಪನಿಗಳ ಪ್ರತಿನಿಧಿಗಳ ಮತಕ್ಕೆ ತೂಕ ಹೆಚ್ಚು, ಬಿಡಿ ವ್ಯಕ್ತಿಯ ಮತಕ್ಕೆ ಕಡಿಮೆ. ಆಸ್ತಿ ಇದ್ದವನಿಗೆ ಮಾತ್ರ ಮತವಿದ್ದ ಕಾಲವನ್ನು ನಾವು ದಾಟಿದೆವು ಎಂದುಕೊಂಡಿದ್ದೆವು. ಅದು ಬೇರೆ ವೇಷದಲ್ಲಿ ಬಂದಿದೆ.

ಫಲವೇನಾಯಿತು ನೋಡಿ.  ದೊಡ್ಡ ಸಂಖ್ಯೆಗಳನ್ನು ಚಿಕ್ಕದಾಗಿ ಹೇಳುವ ಜಾಗದಲ್ಲಿ, ೨೦೧೦ರ ದಶಕದ ಆವೃತ್ತಿಗಳಲ್ಲಿ, ಹಿಂದಿಗೆ ಲಾಖ್, ಕರೋಡ್ ಎಂದಿತ್ತು. ಕನ್ನಡಕ್ಕೆ ಮಿಲಿಯನ್, ಬಿಲಿಯನ್ ಎಂದಿತ್ತು. ಹತ್ತು ಲಕ್ಷಕ್ಕೆ ‘೧ಮಿ’ ಎಂಬ ಗುರುತು. ಲಕ್ಷ ಕೋಟಿ ಎಣಿಸದ ಕನ್ನಡಿಗ ಯಾವ ಸಂತೆಯಲ್ಲಿದ್ದಾನೆ? ಹಾಗೆಯೇ ಹೊತ್ತು ಹೇಳುವಲ್ಲಿ ಪೂರ್ವಾಹ್ನ, ಅಪರಾಹ್ನ ಎಂಬ ಪಂಡಿತರ ಮಾತು. ‘ಅಪರಾಹ್ನ ೧೧ ಗಂಟೆಗೆ ಬಸ್ಸು’ ಎಂದು ಯಾವ ಕಂಡಕ್ಟರನೂ ಹೇಳಲಾರ. ರಾತ್ರಿ ಹನ್ನೊಂದು ಎನ್ನುತ್ತಾನೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂಬ ಪದಗಳೂ ಅದೇ ಪಟ್ಟಿಯಲ್ಲಿವೆ, ಬಳಸುವವರಿಲ್ಲ. ಕಂಪನಿಗಳನ್ನು ಮಾತ್ರ ಬೈದರೆ ಅರ್ಧ ಸತ್ಯವಾಯಿತು. ಹಳ್ಳಿಯ ಮಾತನ್ನು ಆ ಮೇಜಿನ ಮುಂದೆ ಇಡಬೇಕಾದವರು ನಮ್ಮ ಸರ್ಕಾರ, ನಮ್ಮ ವಿಶ್ವವಿದ್ಯಾನಿಲಯಗಳು, ನಾವು.

ಹಿಂದೆ ಈ ದೇಶದಲ್ಲಿ ಅಳತೆ ಬದಲಾಗಲಿಲ್ಲವೇ ಎಂದು ಕೇಳಬಹುದು. ಬದಲಾಯಿತು. ಆದರೆ ಹೇಗೆ? ಅಂಕಿಗಳ ರೂಪ ಯಾವುದಿರಬೇಕೆಂದು ಸಂವಿಧಾನ ಸಭೆ ೧೯೪೯ರ ಸೆಪ್ಟೆಂಬರಿನಲ್ಲಿ ಬಹಿರಂಗವಾಗಿ ಚರ್ಚಿಸಿತು. ಪುರುಷೋತ್ತಮದಾಸ್ ಟಂಡನ್ನರು ದೇವನಾಗರಿ ಅಂಕಿಗಳಿಗಾಗಿ ವಾದಿಸಿದರು; ಕೊನೆಗೆ ಕೇಂದ್ರದ ಆಡಳಿತಕ್ಕೆ ‘ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ’ ಎಂದು ೩೪೩ನೆಯ ಅನುಚ್ಛೇದದಲ್ಲಿ ನಿಶ್ಚಯವಾಯಿತು. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಸಮಿತಿ ದೇಶದ ಪಂಚಾಂಗಗಳನ್ನು ಪರಿಶೀಲಿಸಿದ ಮೇಲೆ ೧೯೫೭ರ ಮಾರ್ಚ್ ೨೨ರಿಂದ ಶಕ ವರ್ಷದ ರಾಷ್ಟ್ರೀಯ ಪಂಚಾಂಗ ಬಂತು. ಅದೇ ವರ್ಷದ ಏಪ್ರಿಲ್ ಒಂದರಿಂದ ಹದಿನಾರಾಣೆಯ ರೂಪಾಯಿ ನೂರು ನಯಾ ಪೈಸೆಯಾಯಿತು. ಅದರಲ್ಲಿ ಜನಕ್ಕೆ ತೊಂದರೆಯಾಗಲಿಲ್ಲವೆಂದಲ್ಲ. ಆದರೆ ಕಾನೂನು ಇತ್ತು, ಪಾರ್ಲಿಮೆಂಟಿನಲ್ಲಿ ಮಾತು ನಡೆಯಿತು, ಯಾರನ್ನು ಹಿಡಿದು ಕೇಳಬೇಕೆಂದು ಗೊತ್ತಿತ್ತು. ಇಂದು ನಮ್ಮ ಲಕ್ಷ ಮಿಲಿಯನ್ನಾದದ್ದು ಯಾವ ಶಾಸನ ಸಭೆಯ ನಿರ್ಣಯದಿಂದ?

ಮೂರು ಆಕ್ಷೇಪಗಳು

ಮೊದಲನೆಯದು: ಒಬ್ಬೊಬ್ಬರಿಗೆ ಒಂದೊಂದು ರೂಪ ಕೊಟ್ಟರೆ ಲೆಕ್ಕ ಕಲಸುಮೇಲೋಗರವಾಗುತ್ತದೆ ಎನ್ನುತ್ತಾರೆ. ಇದು ಕಣಜಕ್ಕೂ ಅಂಗಡಿಗೂ ವ್ಯತ್ಯಾಸ ತಿಳಿಯದ ಮಾತು. ಯಂತ್ರದ ಕಣಜದಲ್ಲಿ ತಾರೀಖನ್ನು ವರ್ಷ, ತಿಂಗಳು, ದಿನ ಎಂಬ ಒಂದೇ ಕ್ರಮದಲ್ಲಿ ಇಡಲಿ. ೧೯೮೮ರಲ್ಲಿ ಹೊರಬಂದ ಐ.ಎಸ್.ಒ. ೮೬೦೧ ಎಂಬ ಅಂತರರಾಷ್ಟ್ರೀಯ ಕಟ್ಟಳೆ ಅದನ್ನೇ ಹೇಳುತ್ತದೆ. ಜನರ ಕಣ್ಣಿಗೆ ತೋರಿಸುವಾಗ ಜನರ ರೂಪದಲ್ಲಿ ತೋರಿಸಲಿ. ಒಳಗೆ ಏಕತೆ, ಹೊರಗೆ ಅವರವರ ರೂಢಿ. ಒಕ್ಕೂಟದ ತತ್ವವೂ ಇದೇ ಅಲ್ಲವೇ?

ಎರಡನೆಯದು: ಖರ್ಚು. ಭಂಡಾರ ಉಚಿತ ಎಂದು ಹೇಳಿಯಾಯಿತು. ಅದನ್ನು ಬಳಸುವ ಐ.ಸಿ.ಯು. ಎಂಬ ಸಲಕರಣೆಯೂ ಉಚಿತ. ಗುರುತನ್ನು ಸರಿಯಾಗಿ ಹಾಕಿದರೆ ಅದೇ ಯಂತ್ರ ಲಕ್ಷ ಕೋಟಿಯ ಅಲ್ಪವಿರಾಮ ಹಾಕುತ್ತದೆ. ಇನ್ನೊಂದು ಗುರುತು ಸೇರಿಸಿದರೆ ಕನ್ನಡ ಅಂಕಿಗಳಲ್ಲಿಯೇ ಬರೆಯುತ್ತದೆ. ಆಗುತ್ತದೆಯೇ ಎಂಬ ಸಂಶಯವಿದ್ದವರು ನಮ್ಮ ‘ಭೂಮಿ’ ಯೋಜನೆಯ ಪಹಣಿಯನ್ನು ನೋಡಲಿ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಯಂತ್ರವೇ ಅದನ್ನು ಕನ್ನಡದಲ್ಲಿ, ಎಕರೆ ಗುಂಟೆಯ ಲೆಕ್ಕದಲ್ಲಿ ಕೊಡುತ್ತಿದೆ. ಮನಸ್ಸಿದ್ದಾಗ ಆಗಿದೆ. ಆಗದಿರುವಲ್ಲಿ ಕೊರತೆ ಹಣದ್ದಲ್ಲ, ಕೇಳುವವರದು.

ಮೂರನೆಯದು: ಜನರೇ ಇಂಗ್ಲಿಷ್ ಅಂಕಿಗಳಿಗೆ ಒಗ್ಗಿಹೋಗಿದ್ದಾರೆ, ನಿಮ್ಮದೇನು ಹಠ? ಬಹುಪಾಲು ನಿಜ. ಕನ್ನಡ ದಿನಪತ್ರಿಕೆಗಳೇ ಇಂದು ಆ ಅಂಕಿಗಳನ್ನು ಅಚ್ಚು ಹಾಕುತ್ತವೆ. ನಮ್ಮ ಜಗಳ ಅಂಕಿಯ ಚಿತ್ರದ ಮೇಲಲ್ಲ. ಬೋರ್ಡಿನ ಮೇಲೆ ಕನ್ನಡ ಅಂಕಿ ಬರೆಸಿ, ಒಳಗಿನ ಲೆಕ್ಕವನ್ನು ಜನಕ್ಕೆ ತಿಳಿಯದಂತೆ ಇಟ್ಟರೆ ಅದು ಕನ್ನಡದ ಸೇವೆಯೂ ಅಲ್ಲ, ಜನಸೇವೆಯೂ ಅಲ್ಲ. ಆದರೆ ಕನ್ನಡ ಅಂಕಿಯನ್ನೇ ಬಲ್ಲ ಮುದುಕ ಅರ್ಜಿಯಲ್ಲಿ ೨೫ ಎಂದು ಬರೆದರೆ ‘ಸರಿಯಾದ ಸಂಖ್ಯೆ ಹಾಕಿ’ ಎಂದು ಯಂತ್ರ ಗದರಿಸುವುದು ಅನ್ಯಾಯ. ಬಲ್ಲ ಸಂಗಾತಿಗಳು ಹೇಳುವಂತೆ ಪೈಥಾನ್ ಎಂಬ ಯಂತ್ರಭಾಷೆ ಕನ್ನಡ ಅಂಕಿಯನ್ನು ತಾನಾಗಿಯೇ ಸಂಖ್ಯೆಯೆಂದು ಒಪ್ಪುತ್ತದೆ. ಜಾವಾಸ್ಕ್ರಿಪ್ಟ್ ಒಪ್ಪುವುದಿಲ್ಲ, ಅಲ್ಲಿ ಬರೆಯುವವನು ನಾಲ್ಕು ಸಾಲು ಸೇರಿಸಬೇಕು. ಆ ನಾಲ್ಕು ಸಾಲು ಬರೆಸುವ ಅಧಿಕಾರ ಹಣ ಕೊಡುವ ಸರ್ಕಾರಕ್ಕೆ ಇದೆ.

ಬೇಡಿಕೆಗಳು

ಆದ್ದರಿಂದ ನಮ್ಮ ಪಕ್ಷದ ಜಿಲ್ಲಾ ಸಮಿತಿ ಈ ಕೆಳಗಿನವುಗಳನ್ನು ನಿರ್ಣಯವಾಗಿ ಎತ್ತಿಕೊಳ್ಳಬೇಕೆಂದು ನಾನು ಸೂಚಿಸುತ್ತೇನೆ.

೧. ಸರ್ಕಾರದ ಯಾವ ಕಾಗದದಲ್ಲಿಯೂ, ಯಾವ ಪರದೆಯ ಮೇಲೂ ತಿಂಗಳನ್ನು ಅಕ್ಷರದಲ್ಲಿ ತೋರಿಸಬೇಕು: ೧೧ ಮೇ ೧೯೬೦. ಇದೊಂದರಿಂದಲೇ ೧೩೨ ತಾರೀಖುಗಳ ಗೊಂದಲ ತೀರುತ್ತದೆ.

೨. ಹಣವನ್ನು ಲಕ್ಷ, ಕೋಟಿಯ ಅಲ್ಪವಿರಾಮದಲ್ಲಿ ಬರೆಯಬೇಕು. ದೊಡ್ಡ ಮೊತ್ತಗಳನ್ನು ಅಕ್ಷರದಲ್ಲಿಯೂ ಬರೆಯಬೇಕು.

೩. ಜಮೀನಿನ ವಿಸ್ತೀರ್ಣಕ್ಕೆ ಎಕರೆಗೆ ಒಂದು ಮನೆ, ಗುಂಟೆಗೆ ಒಂದು ಮನೆ ಬೇರೆ ಇರಬೇಕು. ಕೂಡುವಾಗ ನಾಲ್ವತ್ತಕ್ಕೆ ದಶಕ ಒಯ್ಯಬೇಕು.

೪. ಕನ್ನಡ ಅಂಕಿಯಲ್ಲಿ ಬರೆದ ಅರ್ಜಿಯನ್ನು ಯಂತ್ರ ಒಪ್ಪಬೇಕು. ಯಾವ ಅಂಕಿಯಲ್ಲಿ ಓದಬೇಕೆಂಬುದು ಪ್ರಜೆಯ ಇಷ್ಟ.

೫. ತಂತ್ರಾಂಶದ ಪ್ರತಿಯೊಂದು ಟೆಂಡರಿನಲ್ಲಿ ಇವು ಷರತ್ತುಗಳಾಗಿರಬೇಕು. ಗುತ್ತಿಗೆದಾರನಿಗೆ ಹಣ ಪಾವತಿ ಮಾಡುವ ಮುಂಚೆ ಒಂದು ಗ್ರಾಮ ಸಭೆಯ ಮುಂದೆ ಅದನ್ನು ನಡೆಸಿ ತೋರಿಸಬೇಕು.

೬. ಕನ್ನಡ ಅಭಿವೃದ್ಧಿ ಪ್ರಾಧಿಕಾರವೂ ವಿಶ್ವವಿದ್ಯಾನಿಲಯಗಳೂ ಸೇರಿ ಯೂನಿಕೋಡ್ ಭಂಡಾರದ ಕನ್ನಡ ಪಟ್ಟಿಯನ್ನು ಸಾಲು ಸಾಲಾಗಿ ಪರಿಶೀಲಿಸಬೇಕು. ಏನನ್ನು ತಿದ್ದಲು ಹೇಳಿದರೆಂಬುದನ್ನು ಪ್ರಕಟಿಸಬೇಕು.

೭. ಯಂತ್ರ ತಾರೀಖು ತಿರುಗಿಸಿದ್ದಾದರೆ ತಿದ್ದುವ ಹೊಣೆ ಕಚೇರಿಯದು. ಶುಲ್ಕವಿಲ್ಲದೆ ತಿದ್ದಿ, ಬಾಕಿಯನ್ನು ಕೊಡಬೇಕು.

ಈ ಏಳರಲ್ಲಿ ಯಾವುದೂ ಕ್ರಾಂತಿಯಲ್ಲ. ಆದರೆ ಕೊನೆಯದರ ಮೇಲೆ ಅಧಿಕಾರಶಾಹಿ ಹಟ ಹಿಡಿಯುತ್ತದೆ, ಏಕೆಂದರೆ ‘ಸಿಸ್ಟಮ್ಮಿನಲ್ಲಿ ಹಾಗಿದೆ’ ಎಂಬ ಮಾತೇ ಇಂದು ಅದರ ದೊಡ್ಡ ಆಶ್ರಯ. ಹಿಂದೆ ಶ್ಯಾನುಭೋಗ ತಪ್ಪು ಬರೆದರೆ ಅವನ ಹೆಸರು ಹಿಡಿದು ಕೇಳಬಹುದಿತ್ತು. ಯಂತ್ರಕ್ಕೆ ಹೆಸರಿಲ್ಲ, ಬರೆದ ಕಂಪನಿ ಬೆಂಗಳೂರಿನಲ್ಲೋ ಇನ್ನೆಲ್ಲೋ, ಗುಮಾಸ್ತನಿಗೆ ತಿದ್ದುವ ಅಧಿಕಾರವಿಲ್ಲ. ಹೊಣೆ ಯಾರ ಮೇಲೂ ನಿಲ್ಲದಂತೆ ಮಾಡುವುದೇ ಈ ಏರ್ಪಾಟಿನ ಗುಣ. ಅದನ್ನು ಒಬ್ಬರ ಮೇಲೆ ನಿಲ್ಲಿಸುವುದು ನಮ್ಮ ಕೆಲಸ.

ಪ್ರತಿ ಶಾಖೆಯ ಸಂಗಾತಿಗಳು ಮುಂದಿನ ಒಂದು ತಿಂಗಳಲ್ಲಿ ತಮ್ಮ ಊರಿನ ಮನೆಮನೆಗೆ ಹೋಗಿ, ತಾರೀಖು ತಿರುಗಿದ, ಗುಂಟೆ ಕಳೆದ, ಮೊತ್ತ ಓದಲಾಗದ ಕಾಗದಗಳ ನಕಲುಗಳನ್ನು ಕೂಡಿಹಾಕಲಿ. ಓದು ಬಲ್ಲ ಹುಡುಗ ಹುಡುಗಿಯರನ್ನು ಜೊತೆಗೆ ಕರೆದುಕೊಳ್ಳಲಿ. ಮೊಬೈಲು ಬಲ್ಲವರು ಅವರೇ. ಕಟ್ಟನ್ನು ತಹಸೀಲ್ದಾರರ ಮೇಜಿನ ಮೇಲಿಟ್ಟು ಒಂದೊಂದಕ್ಕೂ ಲಿಖಿತ ಉತ್ತರ ಕೇಳೋಣ. ಉತ್ತರ ಬಾರದಿದ್ದರೆ ಕಚೇರಿಯ ಮುಂದೆ ಕೂರೋಣ. ಕೊಳಗವನ್ನು ಅಂಗಳಕ್ಕೆ ತರಿಸಿ ಎಲ್ಲರೆದುರು ಅಳೆಯಿಸುವವರೆಗೆ ಭತ್ತ ನಮ್ಮದಾದರೂ ಲೆಕ್ಕ ಅವರದೇ.